ದೀಪದ ಮುಂದೆ ಹೇಳಿದ್ದು

ಆಗಿನ ದಿನಗಳಲ್ಲಿ ಶಿರಹಟ್ಟಿಯ ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳು ಅಂಗಳದಲ್ಲಿ ಉಳಿಯುವಂತಿರಲಿಲ್ಲ. ನನಗೆ ಹನ್ನೊಂದು ವರ್ಷ, ತಂಗಿ ಗಂಗಿಗೆ ಏಳು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಕೆ ನಮ್ಮ ಹಣೆಗೆ ವಿಭೂತಿ ಹಚ್ಚಿ ದೇವರ ಜಗಲಿಯ ಮುಂದೆ ಕೂಡಿಸುತ್ತಿದ್ದಳು. ಕುಸುಬೆ ಎಣ್ಣೆಯ ವಾಸನೆಯ ಜೊತೆ ಒಳಗಿನಿಂದ ರೊಟ್ಟಿ ಸುಡುವ ವಾಸನೆ ಬರುತ್ತಿತ್ತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತ ಮೇಲೆ ಆಯಿ ಕೇಳುತ್ತಿದ್ದಳು:

"ಇವತ್ತ ಏನೇನ್ ತಪ್ಪ ಮಾಡೀರಿ, ಹೇಳ್ರಿ. ದೀಪದ ಮುಂದ ಹೇಳಿದ್ದು ಇಲ್ಲೇ ಬಿಡ್ರಿ. ಹೊತ್ತಗೊಂಡು ಮಲಗಬ್ಯಾಡ್ರಿ."

"ಅಕ್ಕನ ಪಾಲಿನ ಶೇಂಗಾ ಉಂಡಿ ನಾನ ತಿಂದೆ ಆಯಿ."

"ಆತು. ಈಗ ಹಗುರ ಅನಿಸ್ತಿಲ್ಲೋ?"

"ಮನಸ್ಸ ಹಗುರಾತು. ಹೊಟ್ಟಿ ಇನ್ನೂ ಭಾರ ಐತಿ."

ಆಯಿ ನಗುತ್ತಿದ್ದಳು. ಯಾರೂ ಬಯ್ಯುತ್ತಿರಲಿಲ್ಲ. ಗಂಗಿ ಮಲಗಿದ ಕೂಡಲೇ ನಿದ್ದೆ ಹೋಗುತ್ತಿದ್ದಳು.

ನನಗೆ ಎಲ್ಲವನ್ನೂ ಬರೆದಿಡುವ ಚಟ. ಅಪ್ಪ ತರುತ್ತಿದ್ದ ಏಕೀಕರಣ ಸಭೆಗಳ ಕರಪತ್ರಗಳನ್ನು ಹೊಲಿದು, ಅವುಗಳ ಖಾಲಿ ಬೆನ್ನಿನ ಮೇಲೆ ಬರೆಯಲು ಪುಸ್ತಕ ಮಾಡಿಕೊಂಡಿದ್ದೆ. ನನ್ನ ತಪ್ಪುಗಳಿಗೆ ಒಂದು ಸಾಲು, ಗಂಗಿಯವಕ್ಕೆ ಇನ್ನೊಂದು. ತಾರೀಖು ಹಾಕಿ, ವಾರಕ್ಕೊಮ್ಮೆ ಕೂಡಿಸುತ್ತಿದ್ದೆ. ನನ್ನವು ಕಡಿಮೆ ಬಂದ ವಾರ ಖುಷಿಯಾಗುತ್ತಿತ್ತು.

ಶ್ರಾವಣದಲ್ಲಿ ಒಂದು ದಿನ ಅಪ್ಪ ಕರಪತ್ರ ಹುಡುಕುತ್ತ ಆ ಪುಸ್ತಕ ತೆರೆದರು. "ಗಂಗಿ: ಕಮ್ಮಾರರ ಕುಲುಮೆಗೆ ಹೋಗಿದ್ದು. ಈ ವಾರ ಮೂರು ಸಲ." ಕಿಡಿ ಹಾರುವುದನ್ನು ನೋಡಲು ಅವಳು ಹೋಗುತ್ತಿದ್ದಳು. ಅಪ್ಪ ಹೋಗಬಾರದೆಂದು ಹೇಳಿದ್ದ ಜಾಗ ಅದು. ಅಂದು ಅವಳಿಗೆ ಏಟು ಬಿದ್ದವು. ಹೊಡೆಯುತ್ತಿದ್ದ ಅಪ್ಪನನ್ನು ಬಿಟ್ಟು ಅವಳು ನನ್ನನ್ನೇ ನೋಡುತ್ತಿದ್ದಳು.

ಮರುದಿನದಿಂದ ಆಯಿ ಕೇಳಿದಾಗ ಅವಳದು ಒಂದೇ ಉತ್ತರ: "ಏನಿಲ್ಲ ಆಯಿ." ನಾನು ಅದನ್ನೂ ಬರೆದೆ. ಏನಿಲ್ಲ, ಏನಿಲ್ಲ, ಏನಿಲ್ಲ.

ಐದನೆಯ ದಿನ ಕುಂಟಾಬಿಲ್ಲೆ ಆಡುವಾಗ ಅವಳು ಎಡಗಾಲಲ್ಲೇ ಕುಪ್ಪಳಿಸಿದಳು. ಎರಡೂ ಕಾಲಿಡುವ ಮನೆಯಲ್ಲೂ ಬಲಗಾಲು ಊರಲೇ ಇಲ್ಲ.

"ಕಾಲಿಗೆ ಏನಾತಲೇ?"

"ನಿನಗ ಹೇಳಂಗಿಲ್ಲ. ನೀ ಬರೀತಿ."

ನನಗೆ ಸಿಟ್ಟು ಬಂತು. "ಗಂಗಿ ಕುಂಟಿದಳು" ಎಂದು ಬರೆದೆ, ಯಾರಿಗೂ ಹೇಳಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಅವಳ ಬಾಯಿ ತೆರೆಯಲಿಲ್ಲ. ಹಲ್ಲು ಕಚ್ಚಿಕೊಂಡೇ ಇತ್ತು. ಗದಗಿಗೆ ಒಯ್ದರು. ಡಾಕ್ಟರು ಅಂಗಾಲು ತಿರುಗಿಸಿ ನೋಡಿ, "ಧನುರ್ವಾಯು. ಮೊಳಿ ಚುಚ್ಚಿ ಎಷ್ಟ ದಿನ ಆತ್ರಿ?" ಎಂದರು. ಅಪ್ಪ ಆಯಿಯ ಮುಖ ನೋಡಿದರು. ಆಯಿಗೂ ಗೊತ್ತಿರಲಿಲ್ಲ. ನನ್ನ ಪುಸ್ತಕದ ಲೆಕ್ಕದಲ್ಲಿ ಕಡೇ ಪಕ್ಷ ಐದು ದಿನ. ಅಲ್ಲೂ ನಾನು ಬಾಯಿ ಬಿಡಲಿಲ್ಲ. ಮೂರನೆಯ ದಿನ ಗಂಗಿ ತೀರಿಕೊಂಡಳು. ಕುಲುಮೆಯ ಹಿಂದೆ ತುಕ್ಕು ಮೊಳೆ ತುಳಿದಿದ್ದಳೆಂದು ಕಮ್ಮಾರರ ಮಗಳು ಆಮೇಲೆ ಹೇಳಿದಳು.

ನವೆಂಬರ್ ಒಂದರಂದು ಒಂದಾದ ನಾಡಿಗಾಗಿ ಓಣಿಯಲ್ಲೆಲ್ಲ ದೀಪ ಹಚ್ಚಿದರು. ಅದಕ್ಕಾಗಿ ಊರೂರು ತಿರುಗಿದ್ದ ಅಪ್ಪ ಹೊರಗೆ ಬರಲಿಲ್ಲ. ಆಯಿ ಜಗಲಿಯ ಮುಂದೆ ನನ್ನೊಬ್ಬಳನ್ನೇ ಕೂಡಿಸಿಕೊಂಡು, "ನಿಂದೇನರ ಇದ್ರ ಹೇಳವ್ವಾ, ಹಗುರಾಗ್ತೈತಿ," ಎಂದಳು.

"ಏನಿಲ್ಲ ಆಯಿ," ಎಂದೆ.

ಆಯಿ ಇನ್ನೂ ನಾಲ್ಕು ವರ್ಷ ಬದುಕಿದ್ದಳು. ಪ್ರತಿ ಸಂಜೆ ಕೇಳಿದಳು. ನಾನು ಹೇಳಲಿಲ್ಲ. ಹಾಗೆ ಕೇಳುವವರು ಈಗ ಯಾರೂ ಇಲ್ಲ.

ಈಗ ನಾನು ಮುಂಡರಗಿಯ ಕಡೆ ಒಂದು ಶಾಲೆಯಲ್ಲಿ ಕಲಿಸುತ್ತೇನೆ. ಸಂಜೆ ಗಂಟೆ ಹೊಡೆಯುವ ಮೊದಲು ಮಕ್ಕಳನ್ನು ಐದು ನಿಮಿಷ ಕಣ್ಣು ಮುಚ್ಚಿ ಕೂಡಿಸುತ್ತೇನೆ. ಏನನ್ನೂ ಹೇಳಿಸುವುದಿಲ್ಲ. ಒಂದೊಂದೇ ಮುಖ ತಿಳಿಯಾಗುತ್ತ ಬರುತ್ತದೆ. ನಾನು ಮಾತ್ರ ಕಣ್ಣು ಮುಚ್ಚುವುದಿಲ್ಲ. ಸಾಲುಗಳ ನಡುವೆ ಸದ್ದಿಲ್ಲದೆ ನಡೆಯುತ್ತ, ಕಾಲು ಮಡಚಿ ಕುಳಿತ ಮಕ್ಕಳ ಪುಟ್ಟ ಅಂಗಾಲುಗಳನ್ನು ಒಂದೊಂದಾಗಿ ನೋಡುತ್ತೇನೆ.