ಪೇರಲ ಬುಡದಲ್ಲಿ ಸಿಕ್ಕ ಬೀಜ

ಬಿಣಗಾದಲ್ಲಿ ಹೆದ್ದಾರಿ ಬದಿಗೆ ಗಿಡ ಹರಡಿಕೊಂಡು ಕೂತು ವ್ಯಾಪಾರ ಕಲಿತವಳು ನಾನು. ಇಂದು ಬೊಬ್ರುವಾಡದ ಮನೆಯ ಹಿಂದೆ ನನ್ನದೇ ನರ್ಸರಿ ಇದೆ. ಗಿಡದ ಬುಡ ಗುಡಿಸಿದ ಕಸವನ್ನು ನಾನು ಹಾಗೇ ಚೆಲ್ಲುವುದಿಲ್ಲ, ಮೊರದಲ್ಲಿ ಕೇರಿ ನೋಡುತ್ತೇನೆ. ಬೀಜ ಸಿಕ್ಕರೆ ಲಾಭ. ನೀವೂ ಹಾಗೇ ಮಾಡಿ.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಪೇರಲ ಬುಡದ ಕಸ ಕೇರುವಾಗ ಒಂದು ಹಿಡಿ ಕಂದು ಬೀಜ ಉಳಿದವು. ಕೊತ್ತಂಬರಿಗಿಂತ ಸಣ್ಣವು, ಒಂದು ತುದಿಗೆ ಪುಟ್ಟ ಮುಚ್ಚಳವಿಟ್ಟ ಹಾಗೆ. ಹಕ್ಕಿ ತಂದು ಹಾಕಿದ ಕಾಡುಬಳ್ಳಿಯದೇ ಎಂದು ತೀರ್ಮಾನಿಸಿ, ಹಸಿ ಮರಳಿನ ಟ್ರೇಗೆ ಹಾಕಿದೆ. ಅದೇ ವೇಳೆಗೆ ಊರ ಶಾಲೆಯಲ್ಲಿ ಕಲಿಸುವ ಅಕ್ಕೋರು ಬಂದು, ಬೇಲಿಗೆ ಹಬ್ಬಿಸಲು ಏನಾದರೂ ಬೇಕೆಂದರು. ಟ್ರೇ ತೋರಿಸಿ, ಮಳೆ ಬಿದ್ದ ಮೇಲೆ ಬನ್ನಿ, ನಾನು ಹಾಕಿದ ಬೀಜ ಹುಸಿ ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ಆ ಮಾತಿನ ಮೇಲೆಯೇ ಅಲ್ಲವೇ ನನ್ನ ನರ್ಸರಿ ನಿಂತದ್ದು! ಅಕ್ಕೋರು ಮಕ್ಕಳಿಂದ ಬೇಲಿಯುದ್ದಕ್ಕೂ ಮಣ್ಣು ಅಗೆಸಿ ಕಾದರು.

ಮಳೆ ಬಂತು. ಟ್ರೇ ಮಾತ್ರ ಬೋಳು. ಪಕ್ಕದ ಮನೆಯ ವೈನಿ ದಿನಾ ಇಣುಕುವಳು.

"ಎಂತದೇ, ನಿನ್ನ ಬಳ್ಳಿ ಮಣ್ಣಡಿಗೇ ಹಬ್ತಾ ಅದ್ಯೇನೆ?"

ಅಕ್ಕೋರು ಬರುವ ದಿನ ಬೆಳಿಗ್ಗೆ ಟ್ರೇ ತುಂಬ ನೂಲೆಳೆಯಂಥವು. ಮೊಳಕೆಯೆಂದು ಬಗ್ಗಿದೆ. ನಡೆಯತೊಡಗಿದವು! ಊದಿದರೆ, ಗಾಳಿಗೆ ಕಡ್ಡಿ ತೂಗುವಂತೆ ಮೈ ತೂಗುತ್ತವೆ. ಕಡ್ಡಿಹುಳ. ಪೇರಲ ಗಿಡ ದಿಟ್ಟಿಸಿದೆ. ಒಣಟೊಂಗೆಯೆಂದು ಕತ್ತರಿ ಹಿಡಿದು ಕೈಹಾಕಿದ್ದು ಮೆಲ್ಲಗೆ ಕಾಲು ಮಡಚಿತು. ಗೇಣುದ್ದ, ತಾಯಿಯೋ ತಾಯಿಯ ತಂಗಿಯೋ. ಹಗಲೆಲ್ಲ ಕಡ್ಡಿಯಾಗಿ ನಿಂತು, ಕತ್ತಲಾದ ಮೇಲೆ ಎಲೆ ಮೇದು, ಮೊಟ್ಟೆಯನ್ನು ಬೀಜದಂತೆ ಉದುರಿಸುವ ಜಾತಿ. ಗಿರಾಕಿಯ ಮುಂದೆ ಮುಖದ ಗೆರೆ ಅಲ್ಲಾಡಿಸದೆ ಕೂರುವುದರಲ್ಲಿ ನನ್ನ ಸಮ ಯಾರೂ ಇಲ್ಲ ಎಂದುಕೊಂಡಿದ್ದೆ.

ಇರುವೆ ತಿಂದವು ಎಂದು ಹೇಳಿ ಮುಗಿಸು ಎಂದಳು ವೈನಿ. ಹೇಳಬಹುದಿತ್ತು. ಆದರೆ ಸುಳ್ಳು ಹೇಳಿ ಉಳಿಸಿಕೊಂಡ ಗಿರಾಕಿ ಎರಡನೇ ಸಲ ಬರುವುದಿಲ್ಲ, ಇದನ್ನು ನೆನಪಿಡಿ. ಅಕ್ಕೋರು ಬಂದೊಡನೆ ಟ್ರೇ ಮುಂದಿಟ್ಟೆ.

"ಅಕ್ಕೋರೇ, ಹಾಕಿದ್ದೆಲ್ಲಾ ಹುಟ್ಟ್ಯದೆ. ಆದ್ರೆ ಬಳ್ಳಿ ಅಲ್ಲ, ಹುಳ. ತಪ್ಪು ನಂದೇಯ."

ಅವರು ಟ್ರೇ ಮೇಲೆ ಬಗ್ಗಿದರು. ಆಮೇಲೆ ಬೆರಳು ಚಾಚಿದರು. ಒಂದು ಮರಿ ಹತ್ತಿ ಉಗುರಿನ ಮೇಲೆ ಕಡ್ಡಿಯಾಗಿ ನಿಂತಿತು.

"ಮಕ್ಳಿಗೆ ತೋರ್ಸ್ತೆ. ಇದ್ಕೆ ತಿನ್ನೂಕೆ ಎಂತ ಹಾಕೂದು?"

ಪೇರಲ ಎಲೆ ಎಂದೆ. ಹಾಗಾದರೆ ಆ ಅಗೆದ ಮಣ್ಣಿಗೆ ಪೇರಲವನ್ನೇ ನೆಡಿ, ಮಕ್ಕಳಿಗೆ ಹಣ್ಣು, ಹುಳಕ್ಕೆ ಎಲೆ ಎಂದೆ. ಆ ದಿನ ಏಳು ಸಸಿ ಹೋದವು, ಒಂದು ನನ್ನ ತಪ್ಪಿಗೆ ಪುಕ್ಕಟೆ.

ಈಗ ಶಾಲೆಯ ಬೇಲಿಯಲ್ಲಿ ಪೇರಲ ಎದೆಯೆತ್ತರವಾಗಿದೆ. ಮಕ್ಕಳು ಬೀಜ, ಮೊಟ್ಟೆ ಬೆರೆಸಿ ನನ್ನ ಅಂಗೈಗೆ ಹಾಕಿ ಪರೀಕ್ಷೆ ಮಾಡುತ್ತಾರೆ. ಮುಚ್ಚಳ ನೋಡಿ ಹೇಳುತ್ತೇನೆ, ಇದುವರೆಗೆ ಸೋತಿಲ್ಲ. ವೈನಿಯೂ ಅಷ್ಟೇ, ಮುಷ್ಟಿ ಬಿಚ್ಚಿ ನನಗೆ ತೋರಿಸದೆ ಒಂದು ಬೀಜವನ್ನೂ ಬಿತ್ತುವುದಿಲ್ಲ.