ಸಾಯಗಾಂವದಲ್ಲಿ ಮೊದಲು ಕೊಟ್ಟ ರಕ್ತ

ಕೋವಿಡ್ ಬರುವ ಹಿಂದಿನ ವರ್ಷ ನಾನು ಬೀದರಿನ ಆಸ್ಪತ್ರೆಯೊಂದರಲ್ಲಿ ಪೆಥಾಲಜಿಸ್ಟ್. ಎಂದರೆ, ರೋಗಿಯ ಮುಖ ನೋಡದೆ ರಕ್ತದ ಜೊತೆ ಮಾತ್ರ ಸಂಸಾರ ಮಾಡುವ ವೈದ್ಯ. ಆ ಸುಖಸಂಸಾರಕ್ಕೆ ಕಲ್ಲು ಹಾಕಿದವನು ನನ್ನ ಸಹಪಾಠಿ, ಬೆಂಗಳೂರಿನ ಸಂಶೋಧಕ ಮಹೇಶ.

ಅಂಡಾಶಯದ ಕ್ಯಾನ್ಸರ್ ಕೋಶಗಳು ಒಂದು ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಹೊಟ್ಟೆ ಉಬ್ಬುವ ಮೊದಲೇ ಅದು ಏರುತ್ತದೆಯೇ ಎಂದು ಅವನು ನೋಡಬೇಕಿತ್ತು. ಏರಿದರೆ ಅದು ಬಯೋಮಾರ್ಕರ್, ರೋಗದ ಮೇಲೆ ಮುಂಚೆಯೇ ಚಾಡಿ ಹೇಳುವ ಪುಣ್ಯಾತ್ಮ. ಭಾಲ್ಕಿ, ಔರಾದ್ ಕಡೆಯ ಹೆಂಗಸರ ರಕ್ತ ಕೂಡಿಸುವ ಘನಕಾರ್ಯ ನನ್ನ ಪಾಲಿಗೆ ಬಂತು.

"ಯಾರದಾದರೂ ಹೆಚ್ಚು ಬಂದರೆ ಅವತ್ತೇ ತಿಳಿಸ್ತೀನಿ" ಎಂದು ಮಹೇಶ ಮಾತು ಕೊಟ್ಟ. ಅದೇ ಮಾತನ್ನು ನಾನು ಊರೂರಿಗೆ ಹಂಚಿದೆ.

ಸಾಯಗಾಂವದಲ್ಲಿ ಯಾರೂ ಕೈ ಚಾಚಲಿಲ್ಲ. ಪ್ರೋಟೀನಿನ ಮಹಿಮೆಯ ಕುರಿತ ನನ್ನ ಉಪನ್ಯಾಸಕ್ಕೆ ಒಂದು ಎಮ್ಮೆ ಮಾತ್ರ ತಲೆದೂಗಿತು. ಕೊನೆಗೆ ಶಾಂತಾಬಾಯಿ ಎದ್ದಳು. ಅವಳ ತಾಯಿ ಇದೇ ಅಂಡಾಶಯದ ಗಡ್ಡೆಯಿಂದ ತೀರಿದ್ದಳು.

"ನಮ್ಮೂರಾಗ ಬಾವಿ ತೋಡಿಸಿದಾಂವನೇ ಮೊದಲ ನೀರು ಕುಡೀಬೇಕ್ರಿ. ನಿಮ್ಮ ರಕ್ತ ಮೊದಲ ತಗಸ್ರಿ, ಸಾಹೇಬ್ರ."

"ನನಗ ಅಂಡಾಶಯನೇ ಇಲ್ಲಲ್ಲವ್ವಾ!"

"ಕೈಯಾದ್ರೂ ಅದ ಇಲ್ರಿ?"

ಊರೇ ನಕ್ಕಿತು. ನಾನು ಕೊಟ್ಟೆ, ಆಮೇಲೆ ಅವಳು, ಅವಳ ಹಿಂದೆ ಉಳಿದವರು.

ಎಂಟು ತಿಂಗಳು ಮಹೇಶನ ಸುದ್ದಿಯಿಲ್ಲ. ಸುದ್ದಿಯಿಲ್ಲವೆಂದರೆ ಎಲ್ಲ ಕ್ಷೇಮ ಎಂದುಕೊಂಡೆವು. ಒಂದು ಬೆಳಿಗ್ಗೆ ಶಾಂತಾಬಾಯಿ ಉಬ್ಬಿದ ಹೊಟ್ಟೆ ಹೊತ್ತು ನಮ್ಮ ಆಸ್ಪತ್ರೆಗೆ ಬಂದಳು. ಹೊಟ್ಟೆಯಿಂದ ತೆಗೆದ ನೀರಿನಲ್ಲಿ ಕ್ಯಾನ್ಸರ್ ಕೋಶಗಳನ್ನು ಕಂಡವನು ನಾನೇ. ಮಹೇಶನಿಗೆ ಫೋನ್ ಮಾಡಿ ತಿಳಿಸಿದೆ.

"ಭೇಷ್!" ಎಂದ. "ಆಕೆಯ ಪ್ರೋಟೀನ್ ಆವಾಗಲೇ ಏರಿತ್ತು ಕಣಯ್ಯಾ!"

"ಮತ್ತ ಯಾಕ ಹೇಳಲಿಲ್ಲೋ?"

"ಹೇಳಿ ಚಿಕಿತ್ಸೆ ಕೊಡಿಸಿಬಿಟ್ಟಿದ್ದರೆ, ರೋಗ ಕಾಣಿಸೋಕೆ ಎಷ್ಟು ಮುಂಚೆ ಏರುತ್ತೆ ಅಂತ ತೋರಿಸೋದು ಹೇಗೆ?"

ನನ್ನ ರಕ್ತವನ್ನು ಏನು ಮಾಡಿದನೆಂದು ಕೇಳಿದೆ. ಗಂಡಸಿನದು ಯಾತಕ್ಕೂ ಬಾರದೆಂದು ಚೆಲ್ಲಿಸಿದ್ದನಂತೆ. ನಾನು ಅವನ ಸಂಸ್ಥೆಗೆ ದೂರು ಬರೆದೆ. ಅಧ್ಯಯನ ನಿಂತಿತು. ಗಡ್ಡೆ ನಿಲ್ಲಲಿಲ್ಲ.

ವಾರ್ಡಿನಲ್ಲಿ ಶಾಂತಾಬಾಯಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ನಿಮ್ಮದು ಚೆಲ್ಲಿದ್ರು, ನಂದು ಇಟ್ಕೊಂಡ್ರು" ಎಂದಳು. "ಬಾವಿ ನೀರು ಇಬ್ರೂ ಕುಡದೇವ್ ನೋಡ್ರಿ, ಸಾಹೇಬ್ರ. ತೋಡಿಸಿದಾಂವ ಮಾತ್ರ ಬಂದಿರಲಿಲ್ಲ."

ವೃತ್ತಿ ಕಲಿಸಿದ್ದು ಇಷ್ಟು. ಅಂದಿನಿಂದ ನಿವೃತ್ತಿಯವರೆಗೆ, ವರದಿ ಮೊದಲು ನನ್ನ ಕೈಗೆ ಬಾರದ ಯಾವ ಪರೀಕ್ಷೆಗೂ ನಾನು ಯಾರ ಕೈಯನ್ನೂ ಚಾಚಿಸಲಿಲ್ಲ.