ಮುನಿಸಿಕೊಂಡ ಸ್ಪೀಕರ್

ಯಲಬುರ್ಗಾ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟಿದ್ದ ರೇಡಿಯೋ ರಿಪೇರಿಯವರು ಯಾವ ಸ್ಪೀಕರನ್ನೂ ಕೆಟ್ಟಿದೆ ಎಂದವರಲ್ಲ. ಮಗುವಿನ ಜ್ವರ ನೋಡುವವರಂತೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, "ಕೆಟ್ಟಿಲ್ರಿ, ಮುನಿಸ್ಕೊಂಡೈತಿ" ಎನ್ನುತ್ತಿದ್ದರು. ಆಮೇಲೆ ಇಸ್ಪೀಟಿನ ಎಲೆಯಷ್ಟೇ ಅಗಲದ, ಅಗ್ಗದ ಕಂಪ್ಯೂಟರೊಂದನ್ನು ಒಳಗೆ ಕೂರಿಸುತ್ತಿದ್ದರು. ಕ್ಯಾಸೆಟ್ ಕಾಲದ ಸ್ಪೀಕರು ಮೊಬೈಲಿನಲ್ಲಿ ಒತ್ತಿದ ಹಾಡನ್ನು ವೈಫೈನಲ್ಲಿ ಎಳೆದುಕೊಂಡು ಹಾಡತೊಡಗುತ್ತಿತ್ತು.

ನಮಗೂ, ನಾವು ಕಾಕು ಎನ್ನುವ ಪಕ್ಕದ ಮನೆಯ ಚಿಕ್ಕಮ್ಮನಿಗೂ ಅವರೇ ಇದನ್ನು ಮಾಡಿಕೊಟ್ಟರು. ನಡುಗೋಡೆಯ ಜಗಳದಿಂದ ಅವ್ವ ಮತ್ತು ಕಾಕು ಮಾತು ಬಿಟ್ಟಿದ್ದರು. ಆದರೂ ನಮ್ಮ ವೈಫೈಯೇ ಮೊದಲಿನಂತೆ ಆ ಮನೆಗೂ ನಡೆದಿತ್ತು. ಪಾಸ್‌ವರ್ಡ್ ಬದಲಿಸುವಷ್ಟು ಸಿಟ್ಟು ಯಾರಿಗೂ ಇರಲಿಲ್ಲ. ವೈಫೈ ಒಂದೇ ಇದ್ದದ್ದನ್ನು ಕಂಡ ರಿಪೇರಿಯವರು ಮನೆಯೂ ಒಂದೇ ಎಂದುಕೊಂಡು ಎರಡೂ ಸ್ಪೀಕರುಗಳನ್ನು ಜೋಡಿ ಮಾಡಿಬಿಟ್ಟರು.

ಮರುದಿನದಿಂದ ಕಾಕು ಬೆಳಿಗ್ಗೆ ಹಚ್ಚುವ ಭಜನೆ ಪದ ನಮ್ಮ ಪಡಸಾಲೆಯಲ್ಲೂ ಕೇಳತೊಡಗಿತು. ಕೆಲವು ದಿನ ನೋಡಿ, ನಾನು ರಿಪೇರಿಯವರನ್ನು ಕರೆಸಿದೆ.

"ನಂದ ತಪ್ಪಾತ್ರಿ ಅವ್ವಾರ. ಈಗ ಬ್ಯಾರೆ ಬ್ಯಾರೆ ಮಾಡ್ತೀನಿ" ಎಂದು ಅವರು ಮೊಬೈಲ್ ತೆಗೆದರು.

ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತಲಿಲ್ಲ. "ಇರ್ಲಿ ಬಿಡ್ರಿ ಅಣ್ಣಾರ. ಒಬ್ಬಾಕಿನ ಇರಾಕಿ. ಪದ ಕೇಳಿದ್ರ ಎದ್ದಾಳಂತ ಗೊತ್ತಾಕ್ಕೈತಿ. ನಿನ್ನಿ ತಡಾ ಆದಾಗ ನನಗ ಜೀವ ತಡೀಲಿಲ್ಲ."

ಅವರು ಮೊಬೈಲನ್ನು ಜೇಬಿಗಿಳಿಸಿ ಎದ್ದರು. ಹೋಗುವಾಗ ಸ್ಪೀಕರನ್ನು ಮುಟ್ಟಲಿಲ್ಲ. ನಡುಗೋಡೆಯ ಮೇಲೆ ಅಂಗೈ ಇಟ್ಟು, "ಕೆಟ್ಟಿಲ್ರಿ" ಎಂದರು.